ಎತ್ತಿಗೆ ಜ್ವರ, ಎಮ್ಮೆಗೆ ಬರೆ: ರಿಮೋಟಿನ ಒಂದು ಚರಿತ್ರೆ

ಮಸಾಜ್ ಕುರ್ಚಿ ಅಲುಗಾಡದೆ ಕೂತರೆ ಮನೆಯಲ್ಲಿ ಹೊರಡುವ ಮೊದಲ ಮಾತು ಒಂದೇ: ‘ಕುರ್ಚಿ ಹೋಯ್ತು.’ ನಿಜವಾಗಿ ಹೋಗಿರುವುದು ರಿಮೋಟಿನೊಳಗಿನ ಎರಡು ಸೆಲ್ ಇರಬಹುದು, ಕುರ್ಚಿಯ ಕಾಲಡಿ ಸಿಕ್ಕಿಕೊಂಡ ವೈರಿನ ಒಂದು ಎಳೆ ಇರಬಹುದು. ಆದರೆ ದೂರು ಬೀಳುವುದು ಕುರ್ಚಿಯ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಈ ಗೊಂದಲ ಹೊಸದಲ್ಲ. ರಿಮೋಟು ಹುಟ್ಟಿದಾಗಿನಿಂದ ಅದರ ಬೆನ್ನು ಹತ್ತಿದೆ, ರಿಮೋಟಿನ ಆಕಾರವನ್ನೇ ಒಮ್ಮೆ ಬದಲಿಸಿದೆ.

ಈ ಕತೆ ಹೇಳಲು ಪುಣೆಯ ಭೋಸರಿ ಒಳ್ಳೆಯ ಜಾಗ. ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಅಸ್ತಿತ್ವಕ್ಕೆ ಬಂತು. ಮುಂದೆ ನಾಸಿಕ್ ರಸ್ತೆಯ ಈ ಹಳೆಯ ಊರಿನ ಸುತ್ತ ಲೇತು, ಪ್ರೆಸ್ಸು, ಗ್ರೈಂಡಿಂಗ್ ಯಂತ್ರಗಳ ಶೆಡ್ಡುಗಳು ಸಾಲುಗಟ್ಟಿದವು. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ದುಡಿಯಲು ಬಂದವರ ಕನ್ನಡವೂ ಪುಣೆಯ ಈ ಕೈಗಾರಿಕಾ ಪಟ್ಟಿಯಲ್ಲಿ ಕಿವಿಗೆ ಬೀಳುತ್ತದೆ. ದಿನವಿಡೀ ಯಂತ್ರದ ಮುಂದೆ ನಿಂತ ಬೆನ್ನಿಗೆ ಮಸಾಜ್ ಕುರ್ಚಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಶೆಡ್ಡುಗಳಲ್ಲಿ ಭಾರ ಎತ್ತುವ ಕ್ರೇನಿನಿಂದ ಒಂದು ಉದ್ದ ಕೇಬಲ್ಲು, ಅದರ ತುದಿಗೆ ಬಟನ್‌ಗಳ ಪೆಟ್ಟಿಗೆ ತೂಗಾಡುತ್ತಿರುತ್ತದೆ. ಅದನ್ನು ಪೆಂಡೆಂಟ್ ಅನ್ನುತ್ತಾರೆ. ಕ್ರೇನು ನಿಂತರೆ ಅನುಭವಸ್ಥ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಮೋಟರು ಬಿಚ್ಚಲು ಆತುರಪಡುವುದಿಲ್ಲ. ಕರೆಂಟು ಬಂದಿದೆಯೇ ನೋಡುತ್ತಾನೆ, ಕೆಂಪು ತುರ್ತು ಬಟನ್ ಒತ್ತಿಕೊಂಡೇ ಉಳಿದಿದೆಯೇ ನೋಡುತ್ತಾನೆ, ಕೇಬಲ್ಲು ಪೆಂಡೆಂಟಿನೊಳಗೆ ಹೋಗುವ ಜಾಗವನ್ನು ಅಲುಗಾಡಿಸಿ ನೋಡುತ್ತಾನೆ. ಎಳೆತ ಬೀಳುವುದು ಅಲ್ಲಿ, ತಂತಿ ತುಂಡಾಗುವುದೂ ಅಲ್ಲೇ. ಬಹಳಷ್ಟು ಮಸಾಜ್ ಕುರ್ಚಿಗಳ ರಿಮೋಟು ಇವತ್ತಿಗೂ ಇದೇ ಪೆಂಡೆಂಟಿನ ತಮ್ಮ: ಕುರ್ಚಿಗೆ ವೈರಿನಿಂದ ಕಟ್ಟಿದ ಬಟನ್ ಪೆಟ್ಟಿಗೆ.

ಮೊದಮೊದಲ ಕುರ್ಚಿಗೆ ಅದೂ ಇರಲಿಲ್ಲ. ಯಂತ್ರದಿಂದ ಮೈ ತಿಕ್ಕಿಸುವ ಯೋಚನೆ 19ನೇ ಶತಮಾನದ್ದು. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಥ ಯಂತ್ರಗಳ ಚಿಕಿತ್ಸಾಲಯವನ್ನೇ ತೆರೆದ. ನಾವು ಕಾಣುವ ಕುರ್ಚಿಯ ಮೂಲ ಮಾತ್ರ ಜಪಾನಿನ ಒಸಾಕ. ಪಿಂಪ್ರಿಯ ಔಷಧ ಕಾರ್ಖಾನೆ ಸ್ಥಾಪನೆಯಾದ 1954ರಲ್ಲೇ ನೊಬುಒ ಫುಜಿಮೊಟೊ ಎಂಬಾತ ಗುಜರಿ ಬಿಡಿಭಾಗಗಳನ್ನು ಜೋಡಿಸಿ ಒಂದು ಮಸಾಜ್ ಕುರ್ಚಿ ಕಟ್ಟಿದ. ಅದು ಸಾರ್ವಜನಿಕ ಸ್ನಾನಗೃಹಗಳಿಗೆ ಹೋಯಿತು. ಬೆನ್ನು ಒತ್ತುವ ಉಂಡೆಗಳನ್ನು ಮೇಲೆ ಕೆಳಗೆ ಮಾಡಲು ಪಕ್ಕದಲ್ಲಿದ್ದ ಚಕ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಕೆಟ್ಟರೆ ಎಲ್ಲಿ ಕೆಟ್ಟಿತೆಂಬುದು ಕಣ್ಣಿಗೇ ಕಾಣುತ್ತಿತ್ತು. ಕೈಗೂ ಯಂತ್ರಕ್ಕೂ ನಡುವೆ ಇನ್ನೊಂದು ಉಪಕರಣ ಬಂದ ಮೇಲೆ ಶುರುವಾಯಿತು ಈ ಕಣ್ಣಾಮುಚ್ಚಾಲೆ.

ಆ ಉಪಕರಣ ಮನೆಯೊಳಗೆ ಬಂದದ್ದು ಟಿವಿಯ ಜೊತೆ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ ‘ಲೇಜಿ ಬೋನ್ಸ್’ ಎಂಬ ರಿಮೋಟನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೂ ವೈರಿತ್ತು, ಜನ ಎಡವುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜಿನ್ ಪಾಲಿ ವೈರು ಕಿತ್ತುಹಾಕಿ ಬೆಳಕಿನಿಂದ ಕೆಲಸ ಮಾಡುವ ‘ಫ್ಲ್ಯಾಶ್‌ಮ್ಯಾಟಿಕ್’ ತಂದ. ಟಿವಿ ಪರದೆಯ ನಾಲ್ಕು ಮೂಲೆಗೆ ನಾಲ್ಕು ಬೆಳಕಿನ ಕಣ್ಣು. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು.

1956ರಲ್ಲಿ ರಾಬರ್ಟ್ ಆಡ್ಲರ್ ಕೊಟ್ಟ ಉತ್ತರ ನಮ್ಮ ಕತೆಯ ತಿರುಳು. ಆತನ ‘ಸ್ಪೇಸ್ ಕಮಾಂಡ್’ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಬಟನ್ ಒತ್ತಿದರೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ಕೇಳದ ಆ ದನಿಯನ್ನು ಟಿವಿ ಹಿಡಿಯುತ್ತಿತ್ತು. ಬ್ಯಾಟರಿ ಬೇಡವೆಂದದ್ದು ಕಂಪನಿಯ ಮಾರಾಟ ವಿಭಾಗ. ಸೆಲ್ ಸತ್ತ ದಿನ ಗಿರಾಕಿ ಟಿವಿಯೇ ಕೆಟ್ಟಿತೆಂದು ತಿಳಿಯುತ್ತಾನೆ ಎಂಬುದು ಅವರ ಭಯ. ಕೆಟ್ಟದ್ದು ಯಾವುದು, ಕೆಟ್ಟಂತೆ ಕಾಣುವುದು ಯಾವುದು ಎಂಬ ಪ್ರಶ್ನೆಗೆ ಹೆದರಿಯೇ ಒಂದು ಉಪಕರಣದ ಒಳಗನ್ನು ರೂಪಿಸಿದ್ದರು.

1980ರ ದಶಕದಲ್ಲಿ ಅವರೋಹಿತ ಬೆಳಕಿನ ರಿಮೋಟು ಎಲ್ಲೆಡೆ ಹರಡಿತು, ಅಗ್ಗವೂ ಆಯಿತು. ಕೆಂಪಿನಾಚೆಯ ಈ ಕಾಣದ ಬೆಳಕನ್ನು ವಿಲಿಯಂ ಹರ್ಷೆಲ್ 1800ರಲ್ಲೇ ಉಷ್ಣಮಾಪಕದಿಂದ ಪತ್ತೆಹಚ್ಚಿದ್ದ. ಪಾಲಿಯನ್ನು ಕಾಡಿದ ಬಿಸಿಲಿನ ಕಾಟಕ್ಕೆ ಪರಿಹಾರವೂ ಸಿಕ್ಕಿತು: ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕನ್ನಷ್ಟೇ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಬ್ಯಾಟರಿ ಮರಳಿ ಬಂತು. ಅದರ ಹಿಂದೆಯೇ ಮಾರಾಟ ವಿಭಾಗದ ಹಳೆಯ ಭಯವೂ ನಮ್ಮ ಮನೆಗೆ ಬಂತು.

ಹಾಗಾಗಿ ಕುರ್ಚಿ ಮಾತು ಕೇಳದಿದ್ದಾಗ ಹುಡುಕುವ ಕ್ರಮ ಈ ಚರಿತ್ರೆಯಿಂದಲೇ ಸಿಗುತ್ತದೆ. ಕ್ರೇನಿನವನಂತೆ ಮೊದಲು ಕರೆಂಟು: ಗೋಡೆಯ ಸ್ವಿಚ್ಚು, ಕುರ್ಚಿಗೆ ಸ್ವಂತ ಸ್ವಿಚ್ಚಿದ್ದರೆ ಅದು. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಒಳಗಿನ ಬೋರ್ಡು ಹೊಸದಾಗಿ ಶುರುವಾಗುತ್ತದೆ. ಕೆಲವೊಮ್ಮೆ ಇಷ್ಟೇ ಸಾಕು.

ವೈರಿನ ರಿಮೋಟಾದರೆ ಜೋಡಣೆಯ ಪಿನ್ನು ಸಡಿಲವಾಗಿದೆಯೇ, ಬಾಗಿದೆಯೇ ನೋಡಿ. ಕುರ್ಚಿ ಹಿಂದಕ್ಕೆ ಬಾಗುವಾಗ ವೈರು ಚೌಕಟ್ಟಿಗೆ ಸಿಕ್ಕುತ್ತದೆಯೇ ಗಮನಿಸಿ. ವೈರನ್ನು ಬೇರೆ ಬೇರೆ ಕೋನದಲ್ಲಿ ಹಿಡಿದಾಗ ರಿಮೋಟಿನ ದೀಪ ಒಮ್ಮೆ ಹತ್ತಿ ಒಮ್ಮೆ ಆರಿದರೆ ಎಳೆ ತುಂಡಾಗಿದೆ. ಇದು ಲೇಜಿ ಬೋನ್ಸ್ ಕಾಲದ ರೋಗ.

ಸೆಲ್ಲಿನ ರಿಮೋಟಾದರೆ ಎರಡೂ ಸೆಲ್ ಒಟ್ಟಿಗೆ ಬದಲಿಸಿ. ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಂಡರೆ ಸೆಲ್ ಸೋರಿದೆ; ಕೆರೆದು ಒರೆಸಿ. ಆಮೇಲೆ ಮೊಬೈಲ್ ಕ್ಯಾಮೆರಾ ತೆರೆದು ರಿಮೋಟಿನ ತುದಿಯನ್ನು ಅದಕ್ಕೆ ಹಿಡಿದು ಬಟನ್ ಒತ್ತಿ. ನಮ್ಮ ಕಣ್ಣಿಗೆ ಕಾಣದ ಬೆಳಕು ಬಹಳಷ್ಟು ಕ್ಯಾಮೆರಾಗಳಿಗೆ, ಅದರಲ್ಲೂ ಸೆಲ್ಫಿ ಕ್ಯಾಮೆರಾಕ್ಕೆ, ಮಸುಕು ನೇರಳೆ ಮಿನುಗಾಗಿ ಕಾಣುತ್ತದೆ. ಮಿನುಗಿದರೆ ರಿಮೋಟು ಬದುಕಿದೆ, ಹುಡುಕಾಟ ಕುರ್ಚಿಯ ಕಡೆ ತಿರುಗಬೇಕು. ಬ್ಲೂಟೂತ್ ರಿಮೋಟಿಗೆ ಈ ಪರೀಕ್ಷೆ ನಡೆಯದು. ಅದನ್ನು ಕುರ್ಚಿಗೆ ಮತ್ತೆ ಜೋಡಿಸಿ ನೋಡಬೇಕು.

ಒಂದೆರಡು ಬಟನ್ ಮಾತ್ರ ಸತ್ತಿದ್ದರೆ ಒಳಗಿನ ರಬ್ಬರ್ ಹಾಳೆಯ ಕಪ್ಪು ಕಾರ್ಬನ್ ಚುಕ್ಕೆಗಳ ಮೇಲೆ ಎಣ್ಣೆ, ಬೆವರು ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿದರೆ ಎಷ್ಟೋ ರಿಮೋಟು ಮರಳಿ ಬರುತ್ತವೆ. ಕುರ್ಚಿಯ ಹೊಟ್ಟೆಯನ್ನು ಮಾತ್ರ ನೀವು ಬಿಚ್ಚಬೇಡಿ. ಅಲ್ಲಿ 230 ವೋಲ್ಟ್ ಇರುತ್ತದೆ. ಕೂತವರ ಬೆನ್ನಿಗೆ ರೋಲರ್ ಒತ್ತಿಕೊಂಡು ನಿಂತರೆ ರಿಮೋಟಿನೊಂದಿಗೆ ಗುದ್ದಾಡದೆ ಮೊದಲು ಪ್ಲಗ್ ಕೀಳಿ.

ಇಷ್ಟೆಲ್ಲ ಯಾಕೆಂದರೆ, ತಪ್ಪು ಜಾಗಕ್ಕೆ ಹಾಕಿದ ಬರೆಯ ಬೆಲೆ ದೊಡ್ಡದು. ಕುರ್ಚಿಯ ಬೆಲೆ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಹೋಗುತ್ತದೆ. ಮಾದರಿ ಹಳತಾಗಿ ರಿಮೋಟು ಸಿಗದೆ ಹೋದರೆ ಗಟ್ಟಿಮುಟ್ಟಾದ ಮೋಟರು, ಕಬ್ಬಿಣದ ಚೌಕಟ್ಟು ಎಲ್ಲವೂ ಗುಜರಿಗೆ ಹೋಗುತ್ತವೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ರಚಿಸಿದ್ದು ಇಂಥ ಸಂಕಟಗಳಿಗಾಗಿಯೇ. ಅದು ಮನೆಮನೆಗೆ ಮುಟ್ಟುವವರೆಗೆ ನಮ್ಮ ಕೈಯಲ್ಲಿರುವುದು ಒಂದು ಸಣ್ಣ ಎಚ್ಚರ: ರಿಮೋಟು ಚೆನ್ನಾಗಿರುವಾಗಲೇ ಅದರ ಹಿಂದಿನ ಮಾದರಿ ಸಂಖ್ಯೆಯ ಫೋಟೊ ತೆಗೆದಿಡಿ. ಅವರೋಹಿತ ಬೆಳಕಿನ ರಿಮೋಟಾದರೆ ಅದರ ಸಂಕೇತಗಳನ್ನು ಕಲಿಯಬಲ್ಲ ಇನ್ನೊಂದು ರಿಮೋಟಿಗೆ ಈಗಲೇ ಕಲಿಸಿಡಿ. ಸತ್ತ ರಿಮೋಟು ಏನನ್ನೂ ಕಲಿಸಲಾರದು.