ಮದನಿಕೆಯರ ಮುಂದೆ ಕೇಳಿದ ಒಂದು ಪ್ರಶ್ನೆ

ಸಕಲೇಶಪುರದಿಂದ ಬೇಲೂರಿಗೆ ಶಾಲಾ ಪ್ರವಾಸ ಹೋಗಿದ್ದೆವು. ಯಾವ ವರ್ಷದ ತಂಡವೆಂದು ಬರೆಯುವುದಿಲ್ಲ, ನೀವೂ ಊಹಿಸಬೇಡಿ. ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ತೋರಿಸುತ್ತ, 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ್ದು, ರಾಣಿ ಶಾಂತಲೆ ನಾಟ್ಯಪ್ರವೀಣೆ ಎಂದೆಲ್ಲ ವಿವರಿಸುತ್ತಿದ್ದೆ. ಆಗ ಒಬ್ಬ ಹುಡುಗಿ, "ಸಾರ್, ದೇವರ ಮುಂದೆ ಕುಣಿದವರ ಹೆಸರು ಈಗ ಬೈಗುಳವಾದದ್ದೇಕೆ?" ಎಂದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಮುಂದೆ ನಡೆದುಬಿಟ್ಟೆ.

ಹನ್ನೆರಡನೆಯ ಶತಮಾನದ ಶರಣೆಯೊಬ್ಬಳ ಹೆಸರೇ ಸೂಳೆ ಸಂಕವ್ವೆ. ಅಂಕಿತ ನಿರ್ಲಜ್ಜೇಶ್ವರ. ದೊರೆತಿರುವುದು ಒಂದೇ ವಚನ. ತನ್ನ ವೃತ್ತಿಯ ಮಾತನ್ನೇ ಹಿಡಿದು ಆಕೆ ವ್ರತನಿಷ್ಠೆಯನ್ನು ಹೇಳಿದಳು. ತರಗತಿಯಲ್ಲಿ ನಾನು ಮೊದಲ ಪದವನ್ನು ನುಂಗಿ ಬರೀ ಸಂಕವ್ವೆ ಎನ್ನುತ್ತಿದ್ದೆ! ಅದಕ್ಕೂ ಹಿಂದೆ, ಬಾದಾಮಿಯ ಬಳಿಯ ಮಹಾಕೂಟದಲ್ಲಿ, ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿಯನ್ನು ದಾನವಿತ್ತ ಶಾಸನವಿದೆ. ವಿದ್ವಾಂಸರು ಆಕೆಯನ್ನು ಗಣಿಕೆಯೆಂದು ಗುರುತಿಸುತ್ತಾರೆ. ಆ ಕಲ್ಲಿನಲ್ಲಿ ಆಕೆಯ ಅಜ್ಜಿ, ತಾಯಿಯರ ಹೆಸರುಗಳಿವೆ.

ಹಿಂದೆ ಎಲ್ಲವೂ ಸೊಗಸಾಗಿತ್ತೆಂದು ನಾನು ಹೇಳಲಾರೆ. ಮುತ್ತು ಕಟ್ಟಿಸಿಕೊಂಡ ಎಳೆಯ ಹುಡುಗಿಯ ಒಪ್ಪಿಗೆಯನ್ನು ಯಾರು ಕೇಳಿದ್ದರು? ಆದರೆ ಸುಧಾರಣೆಯೂ ಅವರನ್ನು ಕೇಳಲಿಲ್ಲ. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಮ್ಮ ಹಾಸನವೂ ಆ ಸಂಸ್ಥಾನದ್ದೇ. ನಂಜನಗೂಡಿನ ದೇವದಾಸಿಯರು ವಂಶಪಾರಂಪರ್ಯದ ಸೇವೆಯನ್ನು ಉಳಿಸಬೇಕೆಂದು ಮನವಿ ಸಲ್ಲಿಸಿದರು. ಸರ್ಕಾರ ಒಪ್ಪಲಿಲ್ಲ.

ಅದೇ ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ, ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾಸಾಂತ್ವನಮು' ಪ್ರಕಟಿಸಿದರು. ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನದಲ್ಲಿ ಹುಟ್ಟಿದ ಶೃಂಗಾರಕಾವ್ಯವದು. ಮರುವರ್ಷವೇ ಬ್ರಿಟಿಷ್ ಸರ್ಕಾರಕ್ಕೆ ಅಶ್ಲೀಲವಾಗಿ ಕಂಡಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ಬೇಲೂರಿನ ಶಿಲ್ಪವನ್ನು ಕಣ್ತುಂಬಿಕೊಳ್ಳುವ ನಾವು ಒಬ್ಬ ಹೆಣ್ಣು ಬರೆದ ಶೃಂಗಾರಕ್ಕೆ ಹೆದರಿದೆವು.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ಅಪರಾಧವಾಗಿಸಿದ ನಮ್ಮ ರಾಜ್ಯದ ಕಾಯಿದೆ 1982ರದು. ಅಷ್ಟರಲ್ಲಿ ಸಂಕವ್ವೆಯ ಹೆಸರಿನ ಮೊದಲ ಪದ ಬೀದಿಜಗಳದ ಮಾತಾಗಿತ್ತು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಕೆ ಶಾಲೆಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿತ್ತು. ಖಾಲಿ ಬಿಡುವಂತಿಲ್ಲ, ಏನಾದರೂ ಬರೆಯಿರಿ ಎಂದು ಆಕೆಯ ತಾಯಿಗೆ ಎಲ್ಲರೆದುರು ಹೇಳಿದವನು ನಾನೇ. ವಿನಾಪೋಟಿಯ ಶಾಸನವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಆ ತಾಯಿ ಅಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು, ತನ್ನ ತಂದೆಯ ಹೆಸರನ್ನೇ ಬರೆದುಕೊಟ್ಟರು.