ಉಳಿದ ಹೊತ್ತಿನ ಕಾದಂಬರಿ

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ‘ಇಂದಿರಾಬಾಯಿ’ ಹೊರಬಂದಾಗ ಅದರ ಲೇಖಕರಿಗೆ ಐವತ್ತೈದು ವರ್ಷ. ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿ ದುಡಿದವರು. ವಿಧವೆಯ ವಿದ್ಯಾಭ್ಯಾಸ, ಮರುಮದುವೆ, ಕಚೇರಿಯ ಲಂಚ, ಮಠದ ಆಡಂಬರ ಎಲ್ಲವೂ ಅವರ ಕಥೆಯಲ್ಲಿ ಬರುತ್ತವೆ. ಕೋರ್ಟು ಕಚೇರಿಗಳ ಒಳಗುಟ್ಟು ಕಂಡವರಲ್ಲದೆ ಬೇರೆಯವರು ಅಷ್ಟು ಸಲೀಸಾಗಿ ಬರೆಯಲಾರದ ಸಂಗತಿಗಳು ಅವು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂಬ ಹೆಸರು ಆ ಪುಸ್ತಕಕ್ಕೆ ಬಂತು. ಬರೆದವರಿಗೆ ಕಾದಂಬರಿಕಾರ ಎನ್ನುವುದು ಒಂದು ಕಸುಬು ಎಂಬ ಕಲ್ಪನೆಯೂ ಇದ್ದಿರಲಾರದು. ಅಂಥ ಕಸುಬೇ ಆಗ ಕನ್ನಡನಾಡಿನಲ್ಲಿ ಇರಲಿಲ್ಲ.

ನಮ್ಮ ಸಾಹಿತ್ಯ ಚರಿತ್ರೆಗಳು ನವೋದಯ, ಪ್ರಗತಿಶೀಲ, ನವ್ಯ ಎಂದು ಕಾಲವನ್ನು ಹೋಳು ಮಾಡಿ ತೋರಿಸುತ್ತವೆ. ಕಾದಂಬರಿ ಬರೆಯಲು ಕೂತವರು ಹೊತ್ತನ್ನು ಎಲ್ಲಿಂದ ಹೊಂದಿಸಿಕೊಂಡರು, ಮನೆಗೆ ಅಕ್ಕಿ ಹೇಗೆ ತಂದರು, ಬರೆದದ್ದನ್ನು ಯಾರಿಗೆ ಮಾರಿದರು ಎಂಬ ಚರಿತ್ರೆ ಅವುಗಳ ಅಡಿಟಿಪ್ಪಣಿಯಲ್ಲೂ ಸಿಗುವುದು ಅಪರೂಪ. ಆದರೆ ಕನ್ನಡ ಕಾದಂಬರಿಯ ಗಾತ್ರ, ಓಟ, ವಸ್ತು ಎಲ್ಲದರ ಮೇಲೂ ಈ ಸಾಮಾನ್ಯ ಸಂಗತಿಗಳ ಗುರುತು ಬಿದ್ದಿದೆ.

ಮೊದಲ ತಲೆಮಾರಿನವರು ಬಹುಪಾಲು ಸರ್ಕಾರಿ ಚಾಕರಿಯವರು. ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿದ್ದರು. 1915ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಪ್ರಕಟಿಸಿದ ಎಂ.ಎಸ್. ಪುಟ್ಟಣ್ಣನವರು ಅಮಲ್ದಾರರಾಗಿದ್ದವರು. ಸಂಬಳ ತಿಂಗಳಿಗೆ ಬರುತ್ತಿತ್ತು. ಬರವಣಿಗೆ ಸಂಜೆಯ, ರಜೆಯ, ಇಲ್ಲವೇ ನಿವೃತ್ತಿಯ ಕೆಲಸ. ಪುಸ್ತಕ ಮಾರಾಟವಾಗದಿದ್ದರೆ ಮನೆ ಮುಳುಗುತ್ತಿರಲಿಲ್ಲ.

ಮುಳುಗುವ ಅಪಾಯವನ್ನು ತಲೆಯ ಮೇಲೆ ಹೊತ್ತವರು ಗಳಗನಾಥರು. ಈ ಮಾತು ಅಲಂಕಾರವಲ್ಲ. ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರಾಗಿದ್ದರು. ಮುಂಬಯಿ ಕರ್ನಾಟಕದಲ್ಲಿ ಆಗ ಓದುಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕ. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳೆಂದರೆ ಜನರಿಗೆ ಹುಚ್ಚು. ಗಳಗನಾಥರು ಆಪಟೆಯವರಿಂದ ಕಲಿತರು, ಅವರ ಕಥೆಗಳನ್ನು ಕನ್ನಡಕ್ಕೆ ಹೊಂದಿಸಿ ಬರೆದರು, ಬರುಬರುತ್ತಾ ವಿಜಯನಗರದ ಕಥೆಗೆ ತಾವೇ ಕೈಹಾಕಿದರು. ಆ ಸಾಮ್ರಾಜ್ಯದ ಹುಟ್ಟನ್ನು ಹೇಳುವ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂತು. ಕನ್ನಡಿಗರಿಗೂ ಒಂದು ಗತವಿದೆ ಎಂದು ಕನ್ನಡಿಗರಿಗೇ ತಿಳಿಸಬೇಕಿತ್ತು. ಅವರನ್ನು ಬರೆಯಲು ಹಚ್ಚಿದ್ದು ಆ ಹಟ.

ಹಟವಿದ್ದರೆ ಸಾಕೆ? ಪುಸ್ತಕದಂಗಡಿ ಇಲ್ಲದ ನಾಡಿನಲ್ಲಿ ಪುಸ್ತಕ ಓದುಗನ ಮನೆಗೆ ಹೋಗಬೇಕಾದರೆ ಹೊತ್ತು ಒಯ್ಯಬೇಕು. ಗಳಗನಾಥರು ತಮ್ಮ ಪುಸ್ತಕಗಳ ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರಿದರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ ಓದುಗರ ಬಳಗವನ್ನೂ ಬೆಳೆಸಿದರು. ಬರೆಯುವವನು, ಅಚ್ಚು ಹಾಕಿಸುವವನು, ಹೊರುವವನು, ಮಾರುವವನು ಎಲ್ಲ ಒಬ್ಬರೇ. 1942ರಲ್ಲಿ ತೀರಿಕೊಂಡ ಅವರಿಗೆ ‘ಕಾದಂಬರಿ ಪಿತಾಮಹ’ ಎಂಬ ಬಿರುದು ಉಳಿಯಿತು. ಅವರ ಕಥನದ ಬೀಸಿನಲ್ಲಿ, ಗದ್ಯದ ಸರಳತೆಯಲ್ಲಿ, ನಡುನಡುವೆ ಓದುಗನನ್ನು ನೇರವಾಗಿ ಮಾತಾಡಿಸುವ ರೀತಿಯಲ್ಲಿ ಕಟ್ಟೆಯ ಮೇಲೆ ಕೂತು ಗಿರಾಕಿಯ ಮುಖ ನೋಡಿದ ಮನುಷ್ಯ ಕಾಣುತ್ತಾನೆ. ಎದುರಿಗೆ ಕೂತವನಿಗೆ ಬೇಸರ ಬಂದರೆ ಪುಸ್ತಕ ಮತ್ತೆ ತಲೆಯ ಮೇಲೇರಬೇಕು ಎಂದು ಗೊತ್ತಿದ್ದವರ ಬರವಣಿಗೆ ಅದು.

ಶಿವರಾಮ ಕಾರಂತರದು ಬೇರೆ ಬಗೆಯ ಹರಸಾಹಸ. ಪುತ್ತೂರಿನಲ್ಲಿದ್ದುಕೊಂಡು ಅವರು ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದರು, ಯಕ್ಷಗಾನದ ಬೆನ್ನು ಹತ್ತಿದರು, ಸಾಲದೆಂಬಂತೆ ಅಚ್ಚುಕೂಟವನ್ನೂ ನಡೆಸಿದರು. ಇಷ್ಟರ ನಡುವೆ ನಲವತ್ತೇಳು ಕಾದಂಬರಿ. ‘ಚೋಮನ ದುಡಿ’ 1933ರದು, ‘ಮರಳಿ ಮಣ್ಣಿಗೆ’ 1941ರದು, ‘ಮೂಕಜ್ಜಿಯ ಕನಸುಗಳು’ 1968ರದು. ಸ್ಫೂರ್ತಿ ಬರಲಿ ಎಂದು ಕಾಯುತ್ತ ಕೂರುವವರಿಗೆ ಕಾರಂತರು ಒಳ್ಳೆಯ ಮದ್ದು. ಅವರಿಗೆ ಕಾದಂಬರಿ ಎಂದರೆ ದಿನದ ಹತ್ತು ಕೆಲಸಗಳಲ್ಲಿ ಇನ್ನೊಂದು. ವರ್ಷಗಟ್ಟಲೆ ಅಲೆದು, ನೋಡಿ, ಕೇಳಿ ಒಳಗೆ ತುಂಬಿಕೊಂಡದ್ದನ್ನು ಒಮ್ಮೆ ಕೂತು ಬೇಗ ಬರೆದು ಮುಗಿಸುವುದು. ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಬರವಣಿಗೆಯನ್ನೇ ನಂಬಿ ಬದುಕುತ್ತೇನೆ ಎಂದು ಹೊರಟವರಲ್ಲಿ ಅ.ನ. ಕೃಷ್ಣರಾಯರ ಹೆಸರು ಮೊದಲು ಬರುತ್ತದೆ. 1930ರ ದಶಕದಲ್ಲಿ ‘ಜೀವನಯಾತ್ರೆ’, ‘ಸಂಧ್ಯಾರಾಗ’ಗಳಿಂದ ಶುರುಮಾಡಿದ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಇಷ್ಟು ಬರೆದದ್ದಕ್ಕೆ ವಿಮರ್ಶಕರು ಅವರನ್ನು ಬೈದದ್ದುಂಟು. ಆದರೆ ಸಂಬಳವಿಲ್ಲದ ಲೇಖಕನಿಗೆ ಪ್ರತಿ ಹೊಸ ಪುಸ್ತಕವೂ ಮನೆಯ ಖರ್ಚು. ಅವರಿಂದಾಗಿ ಕನ್ನಡದಲ್ಲಿ ಮೊದಲ ಬಾರಿಗೆ ಲೇಖಕನ ಹೆಸರು ನೋಡಿ ಪುಸ್ತಕ ಕೊಳ್ಳುವ ದೊಡ್ಡ ಓದುಗ ವರ್ಗ ಹುಟ್ಟಿತು. ವೇಶ್ಯೆಯರ ಬದುಕಿನ ಮೇಲೆ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದು ಮಡಿವಂತರ ಕೋಪ ಎದುರಿಸಿದಾಗ, ಸಮರ್ಥನೆಗೆಂದು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಜಗಳವೂ ಬರಹವಾಯಿತು! ಅವರ ಜೊತೆಗಿದ್ದ ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಅವರಿಗೆ ಪತ್ರಿಕೆಯ ನಂಟು. ಪತ್ರಕರ್ತನ ಪಾಡನ್ನೇ ವಸ್ತು ಮಾಡಿಕೊಂಡು ಕಟ್ಟೀಮನಿ ‘ಜ್ವಾಲಾಮುಖಿಯ ಮೇಲೆ’ ಬರೆದರು. ಹೊಟ್ಟೆಪಾಡಿನ ಕೆಲಸ ಕಾದಂಬರಿಗೆ ಅಡ್ಡಿ ಎನ್ನುವುದು ಅರ್ಧ ಸತ್ಯ. ಎಷ್ಟೋ ಸಲ ಸರಕು ಬಂದದ್ದು ಅಲ್ಲಿಂದಲೇ.

ಮಾರುವ ಕಷ್ಟಕ್ಕೆ ಧಾರವಾಡದಲ್ಲಿ ಒಂದು ಉಪಾಯ ಹೊಳೆಯಿತು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆಯಲ್ಲಿ ಓದುಗರು ಚಂದಾ ಕಟ್ಟಿ ಸದಸ್ಯರಾಗುತ್ತಿದ್ದರು. ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಮೊದಲೇ ಕೊಳ್ಳುವವರು ಸಿಕ್ಕಿದ್ದರಿಂದ ಹೊಸಬರ ಹಸ್ತಪ್ರತಿಯನ್ನು ಅಚ್ಚು ಹಾಕುವ ಧೈರ್ಯ ಬಂತು. ಸುಭಾಸ ರಸ್ತೆಯ ಲಕ್ಷ್ಮೀ ಭವನದ ಮೇಲಿನ ಆ ಕಚೇರಿಗೆ ಲೇಖಕರು ಇಟ್ಟ ಹೆಸರು ‘ಅಟ್ಟ’. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಅಲ್ಲಿ ಕೂತಿದ್ದರು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’, ರಾವಬಹಾದ್ದೂರರ ‘ಗ್ರಾಮಾಯಣ’ದಂಥ ಕೃತಿಗಳು ಬಂದದ್ದು ಈ ಅಟ್ಟದಿಂದ. ಕೂತು ಹರಟುವ ಜಾಗ, ಮೊದಲ ಓದು, ಚಂದಾದಾರರ ಪಟ್ಟಿ: ಹೊಸ ಕಾದಂಬರಿಕಾರನಿಗೆ ಬೇಕಾದ ಮೂರೂ ಒಂದೇ ಕಡೆ ಸಿಕ್ಕ ಉದಾಹರಣೆ ಕನ್ನಡದಲ್ಲಿ ಮತ್ತೊಂದಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ 1965ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್.ಡಿ. ಮಾಡುತ್ತಿದ್ದಾಗ. ಮಾರ್ಗದರ್ಶಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರ್ಯಾಡ್‌ಬರಿ ಅವರೊಂದಿಗೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಸಿನಿಮಾ ನೋಡಿ ಬಂದ ಮೇಲೆ ನಡೆದ ಮಾತುಕತೆಯನ್ನು ಅವರು ಅನೇಕ ಕಡೆ ನೆನೆದಿದ್ದಾರೆ. ಯುರೋಪಿನವರು ಪುಸ್ತಕದಿಂದ ಕಟ್ಟಿಕೊಳ್ಳಬೇಕಾದ ಮಧ್ಯಯುಗ ತಮ್ಮಂಥವರ ಅನುಭವದಲ್ಲಿ ಇನ್ನೂ ಜೀವಂತವಾಗಿದೆ ಎಂದು ಅವರಿಗೆ ಅನ್ನಿಸಿತು. ಹಾಗಾದರೆ ಬರೆಯಿರಿ ಎಂದು ಗುರುಗಳು ಹುರಿದುಂಬಿಸಿದರು. ಪ್ರಬಂಧ ಇಂಗ್ಲಿಷಿನಲ್ಲಿ, ಕಾದಂಬರಿ ಕನ್ನಡದಲ್ಲಿ. ತೀರ್ಥಹಳ್ಳಿಯ ಅಗ್ರಹಾರ ಕಾಣಲು ಅಷ್ಟು ದೂರ ಹೋಗಬೇಕಾಯಿತೋ ಏನೋ.

ಅದೇ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಅಂಥ ಯಾವ ಅನುಕೂಲವೂ ಇರಲಿಲ್ಲ. ಓದು ಏಳು ವರ್ಷಕ್ಕೆ ನಿಂತಿತು, ಹನ್ನೆರಡಕ್ಕೆ ಮದುವೆ. ಆಮೇಲೆ ಮನೆ, ಮಕ್ಕಳು, ಬಂದವರು ಹೋದವರು. ಬರವಣಿಗೆಗೆ ಗಂಭೀರವಾಗಿ ಕೈಹಚ್ಚಿದಾಗ ವಯಸ್ಸು ನಲವತ್ತೈದರ ಹತ್ತಿರ. 1963ರಲ್ಲಿ ಬಂದ ಮೊದಲ ಕಾದಂಬರಿ ‘ತುಂಗಭದ್ರ’ಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನ ದಕ್ಕಿತು. ತಡವಾಯಿತು ಎಂದು ಮರುಗುವವರು ಗಮನಿಸಬೇಕಾದ ಸಂಗತಿ ಒಂದಿದೆ. ಆ ಮೂವತ್ತು ವರ್ಷ ಅವರು ಸುಮ್ಮನಿರಲಿಲ್ಲ. ಮಲೆನಾಡಿನ ಹೆಂಗಸರ ಮಾತು, ಬೈಗುಳ, ಹರಕೆ, ಅಡುಗೆ, ಬಾಣಂತನ, ಮಡಿ ಎಲ್ಲವನ್ನೂ ಕಿವಿಯಲ್ಲಿ ಕೂಡಿಟ್ಟಿದ್ದರು. 1976ರ ‘ಫಣಿಯಮ್ಮ’ ಅವರು ತಮ್ಮ ತಾಯಿಯಿಂದ ಕೇಳಿದ ಬಾಲವಿಧವೆಯೊಬ್ಬರ ನಿಜ ಬದುಕಿನ ಕಥೆ. ಕಾಲೇಜು ಮೆಟ್ಟಿಲು ಹತ್ತಿದವರ ಕಾದಂಬರಿಗಳಲ್ಲಿ ವಿಧವೆಯ ತಲೆ ಬೋಳಿಸುವುದು ಸುಧಾರಣೆಯ ವಾದಕ್ಕೆ ವಸ್ತುವಾದರೆ, ಇಲ್ಲಿ ಅದು ಮನೆಯೊಳಗಿನ ಕಣ್ಣಿಗೆ ಕಂಡ ಘಟನೆ. ನಿರಂಜನ ದಂಪತಿಯ ಮಗಳು ತೇಜಸ್ವಿನಿ ನಿರಂಜನ ಅದನ್ನು ಇಂಗ್ಲಿಷಿಗೆ ತಂದರು. ಪ್ರೇಮಾ ಕಾರಂತರು ಸಿನಿಮಾ ಮಾಡಿದರು.

‘ತುಂಗಭದ್ರ’ ಬಂದ ವರ್ಷವೇ ಮೈಸೂರಿನಲ್ಲಿ ತ್ರಿವೇಣಿ ತೀರಿಕೊಂಡರು. ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಮಗಳು ಹುಟ್ಟಿ ಕೆಲವೇ ದಿನಗಳಾಗಿದ್ದವು. ಮನಶ್ಶಾಸ್ತ್ರ ಓದಿದ್ದ ಅವರು ಹತ್ತು ಹನ್ನೊಂದು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಗಂಡಸರ ಕಾದಂಬರಿಗಳು ಗಯ್ಯಾಳಿ ಎಂದೋ ಹುಚ್ಚಿ ಎಂದೋ ತಳ್ಳಿಬಿಡುತ್ತಿದ್ದ ಹೆಂಗಸಿನ ಒಳಮನಸ್ಸು ಅವರಿಗೆ ವಸ್ತುವಾಯಿತು. ‘ಶರಪಂಜರ’ ಅದಕ್ಕೆ ಸಾಕ್ಷಿ.

1965ರಲ್ಲಿ ‘ಸುಧಾ’ ವಾರಪತ್ರಿಕೆ ಆರಂಭವಾಯಿತು. ಅದಕ್ಕೂ ಮುಂಚೆಯೇ ‘ಪ್ರಜಾಮತ’ದಂಥ ವಾರಪತ್ರಿಕೆಗಳಿದ್ದವು, ಎಂಬತ್ತರ ದಶಕದಲ್ಲಿ ‘ತರಂಗ’ ಸೇರಿಕೊಂಡಿತು. ಧಾರಾವಾಹಿ ಕಾದಂಬರಿ ಮನೆಮನೆಯ ಮಾತಾಯಿತು. ವಾರಕ್ಕೊಂದು ಕಂತು, ಕೊನೆಯಲ್ಲಿ ‘ಸಶೇಷ’. ಆ ಸಾಲಿಗೆ ಬರುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿರಬೇಕು, ಇಲ್ಲವೇ ಒಂದು ಕಾಗದ ಬಂದಿರಬೇಕು. ಸಂಪಾದಕರ ಗಡುವು ಬರೆಯುವವರಿಗೆ ಶಿಸ್ತು ಕಲಿಸಿತು, ಕೆಲವರ ಕಥೆಯನ್ನು ರಬ್ಬರಿನಂತೆ ಎಳೆಯಿಸಿತು ಕೂಡ. ಧಾರಾವಾಹಿ ಮುಗಿದರೆ ಪುಸ್ತಕ, ಪುಸ್ತಕ ಓಡಿದರೆ ಸಿನಿಮಾ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ ಮೂರಕ್ಕೂ ಮೂಲ ಹೆಂಗಸರ ಕಾದಂಬರಿ. ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಕ್ಕಿಷ್ಟು ಪೈಸೆ ಬಾಡಿಗೆಗೆ ಪುಸ್ತಕ ಸಿಗುತ್ತಿತ್ತು. ರಟ್ಟು ಹೊಲಿದು ಗಟ್ಟಿ ಮಾಡಿದ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಅವರ ಪ್ರತಿಗಳು ಓಣಿಯ ಎಲ್ಲ ಮನೆಗಳನ್ನೂ ಸುತ್ತಿ ಬರುತ್ತಿದ್ದವು. ಪಕ್ಕದ ಕಪಾಟಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವರು 1952ರ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಓದುವ ಚಟ ಅವರಿಂದಲೇ ಹತ್ತಿತು ಎಂದು ಹೇಳುವ ಲೇಖಕರು, ಓದುಗರು ಬೇಕಾದಷ್ಟು ಮಂದಿ.

ಟಿ.ವಿ. ಧಾರಾವಾಹಿಗಳು ಬಂದ ಮೇಲೆ ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬರೆದೇ ಬದುಕುವ ಮಾತು ಮತ್ತೆ ಕಷ್ಟವಾಯಿತು. ಎಸ್.ಎಲ್. ಭೈರಪ್ಪನವರಂಥ ಭಾರೀ ಓದುಗರಿದ್ದ ಕಾದಂಬರಿಕಾರರೂ ನಿವೃತ್ತಿಯವರೆಗೆ ತತ್ತ್ವಶಾಸ್ತ್ರದ ಮೇಷ್ಟರಾಗಿಯೇ ದುಡಿದವರು. ‘ಪರ್ವ’ಕ್ಕಾಗಿ ಅವರು ಹಿಮಾಲಯದವರೆಗೆ ಅಲೆದದ್ದು ಆ ನೌಕರಿಯಲ್ಲಿದ್ದುಕೊಂಡೇ. ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯ ಕಾಫಿ ತೋಟವಿತ್ತು. ಈಚಿನ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗಲೇ ಬರೆಯತೊಡಗಿ, ‘ಛಂದ ಪುಸ್ತಕ’ ಎಂಬ ಪ್ರಕಾಶನವನ್ನು ತಾವೇ ಕಟ್ಟಿಕೊಂಡರು. ‘ತೇಜೋ-ತುಂಗಭದ್ರಾ’ 2019ರಲ್ಲಿ ಅಲ್ಲಿಂದಲೇ ಬಂತು, ಹೊಸಬರ ಮೊದಲ ಪುಸ್ತಕಗಳೂ ಬರುತ್ತಿವೆ.

ಈ ಚರಿತ್ರೆಗೆ ಬೇಕಾದ ದಾಖಲೆಗಳು ವಿಶ್ವವಿದ್ಯಾಲಯಗಳಲ್ಲಿ ಕಡಿಮೆ, ಮನೆಗಳಲ್ಲಿ ಹೆಚ್ಚು. ಅಜ್ಜಿಯರು, ಅತ್ತೆಯರು ವಾರಪತ್ರಿಕೆಗಳಿಂದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಬ್ಬಳದಲ್ಲಿ ಪೋಣಿಸಿ, ಕ್ಯಾಲೆಂಡರಿನ ರಟ್ಟು ಹಾಕಿ ಇಟ್ಟ ಕಟ್ಟುಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಪುಸ್ತಕ ರೂಪದಲ್ಲಿ ಬಾರದ ಕಾದಂಬರಿಗಳು, ಪುಸ್ತಕವಾಗುವಾಗ ಬದಲಾದ ಅಧ್ಯಾಯಗಳು, ಆ ಕಾಲದ ಚಿತ್ರಕಾರರ ಗೆರೆಗಳು ಅವುಗಳಲ್ಲಿ ಸಿಗಬಹುದು. ಮನೆ ಖಾಲಿ ಮಾಡುವಾಗ ಅಂಥದ್ದೊಂದು ಕಟ್ಟು ಕೈಗೆ ಬಂದರೆ ರದ್ದಿಯವನ ತಕ್ಕಡಿಗೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕೋ ಕನ್ನಡ ವಿಭಾಗಕ್ಕೋ ಮುಟ್ಟಿಸಿ, ಯಾರು ಕತ್ತರಿಸಿ ಹೊಲಿದದ್ದು ಎಂದು ಮೊದಲ ಹಾಳೆಯ ಮೇಲೆ ಬರೆದು ಕೊಡಿ.