ಅಂಗಾಲಿನ ಅರಿವು ಮತ್ತು ನೃತ್ಯಚಿಕಿತ್ಸೆ

ಅರ್ಬುದರೋಗಕ್ಕೆ ಕೀಮೋಥೆರಪಿ ಪಡೆದು ಬದುಕಿ ಉಳಿದವರಲ್ಲಿ ಅನೇಕರು, ಗಡ್ಡೆ ಕರಗಿತೆಂಬ ಶುಭವಾರ್ತೆಯನ್ನು ವೈದ್ಯರ ಬಾಯಿಂದ ಕೇಳಿ ಮನೆಗೆ ಮರಳಿದ ಮೇಲೆಯೂ, ಬೆಳಗಿನ ಹೊತ್ತು ಮುಖ ತೊಳೆಯಲೆಂದು ಬಾಗಿ ಕಣ್ಣು ಮುಚ್ಚಿದೊಡನೆ ದೇಹವು ತಾನಾಗಿ ಒಂದು ಮಗ್ಗುಲಿಗೆ ವಾಲುವುದನ್ನೂ, ದಾರಿಯಲ್ಲಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದುಳಿದದ್ದು ನಾಲ್ಕು ಹೆಜ್ಜೆ ನಡೆದ ಬಳಿಕ ಕಣ್ಣಿಗೆ ಕಂಡೇ ತಿಳಿಯಬೇಕಾಗುವುದನ್ನೂ ಹೇಳಿಕೊಳ್ಳುವುದುಂಟು. ಬೆರಳುಗಳಲ್ಲಿ ಜೋಮು, ಅಂಗಾಲಿನಲ್ಲಿ ಉರಿ, ನೆಲವೆಲ್ಲ ಹತ್ತಿಯ ಹಾಸಾದಂತಹ ಭಾವನೆ, ಇವು ಹೊರಗಿನವರ ಕಣ್ಣಿಗೆ ಬೀಳುವ ಗಾಯಗಳಲ್ಲವಾದ್ದರಿಂದ, ಪ್ರಾಣ ಉಳಿಯಿತಲ್ಲ, ಇದೊಂದನ್ನು ಸಹಿಸಿಕೊಳ್ಳಬಾರದೆ ಎಂಬ ಮಾತನ್ನು ಈ ರೋಗಿಗಳು ಬಹುಕಾಲ ಕೇಳಬೇಕಾಯಿತು. ಅದು ನ್ಯಾಯವಾದ ಮಾತಲ್ಲ.

ಈ ಬಾಧೆಯ ಮೂಲವನ್ನು ಮದ್ದುಗಳ ಚರಿತ್ರೆಯಲ್ಲಿಯೇ ಹುಡುಕಬೇಕು. ನಮ್ಮ ಹಿತ್ತಲುಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಗಳ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ ಅಕಸ್ಮಾತ್ತಾಗಿ ಕಂಡ ಪ್ಲಾಟಿನಂ ಸಂಯುಕ್ತದ ಗುಣವು 1978ರ ವೇಳೆಗೆ ಸಿಸ್‌ಪ್ಲಾಟಿನ್ ಎಂಬ ಮದ್ದಾಯಿತು. ಪೆಸಿಫಿಕ್ ಯೂ ಮರದ ತೊಗಟೆಯಿಂದ ಮನ್ರೋ ವಾಲ್ ಅವರೂ ಮುಂಬಯಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಮನ್ಸುಖ್ ವಾನಿ ಅವರೂ ಬೇರ್ಪಡಿಸಿ, 1971ರಲ್ಲಿ ರಚನೆಯನ್ನು ಪ್ರಕಟಿಸಿದ ಪ್ಯಾಕ್ಲಿಟ್ಯಾಕ್ಸೆಲ್, 1992ರಲ್ಲಿ ಆ ಸಾಲಿಗೆ ಸೇರಿತು. ಜೀವಕೋಶದೊಳಗೆ ಹಂದರದಂತಿರುವ ಸೂಕ್ಷ್ಮನಳಿಕೆಗಳನ್ನು ವಿನ್‌ಕ್ರಿಸ್ಟಿನ್ ಕಟ್ಟಗೊಡದು, ಪ್ಯಾಕ್ಲಿಟ್ಯಾಕ್ಸೆಲ್ ಬಿಚ್ಚಗೊಡದು. ಎರಡರಿಂದಲೂ ಅರ್ಬುದಕೋಶ ವಿಭಜನೆಗೊಳ್ಳಲಾರದೆ ಸಾಯುವುದು. ಆದರೆ ಸೊಂಟದ ಬಳಿಯಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಚಾಚಿದ ನರತಂತುವೂ ತನ್ನ ತುದಿಗೆ ಆಹಾರ ಮುಟ್ಟಿಸಲು ಇದೇ ನಳಿಕೆಗಳನ್ನೇ ನಂಬಿರುವುದರಿಂದ, ಅತಿ ಉದ್ದನೆಯ ನರದ ಅತಿ ದೂರದ ತುದಿಯೇ ಮೊದಲು ಸೊರಗುತ್ತದೆ. ಪ್ಲಾಟಿನಂ ಮದ್ದುಗಳು ಬೆನ್ನೆಲುಬಿನ ಪಕ್ಕದ ನರಗ್ರಂಥಿಗಳಲ್ಲಿ ನೆಲೆಗೊಳ್ಳುವ ಕಾರಣ, ಮದ್ದು ನಿಂತ ಮೇಲೆಯೂ ಕೆಲವು ತಿಂಗಳು ಬಾಧೆ ಏರುತ್ತಲೇ ಹೋಗಬಹುದು.

ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ ಎಂಬ ಮೂರರ ಸಾಕ್ಷ್ಯದಿಂದ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿಯೇ ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಂಬೆರ್ಗ್, ಪಾದಗಳನ್ನು ಜೋಡಿಸಿ ನಿಂತ ರೋಗಿ ಕಣ್ಣು ಮುಚ್ಚಿದೊಡನೆ ತೂಗಾಡಿದರೆ ಮೂರನೆಯ ಸಾಕ್ಷಿ ಕೆಟ್ಟಿದೆಯೆಂದು ಅರಿಯುವ ಪರೀಕ್ಷೆಯನ್ನು ವಿವರಿಸಿದ್ದನು. ಕೀಮೋಥೆರಪಿ ಪಡೆದವರ ವಿಷಯದಲ್ಲಿಯಾದರೋ ಎಣಿಕೆ ಬಹಳ ತಡವಾಗಿ ಆರಂಭವಾಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು, ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಶೇ. 68ರಷ್ಟು ಮಂದಿಯಲ್ಲಿಯೂ ಆರು ತಿಂಗಳ ಅನಂತರ ಶೇ. 30ರಷ್ಟು ಮಂದಿಯಲ್ಲಿಯೂ ಈ ನರಬಾಧೆ ಕಂಡುದನ್ನು ತಿಳಿಸಿತು. ಅಮೆರಿಕದ 512 ಮಹಿಳೆಯರನ್ನು ಕುರಿತ 2017ರ ವರದಿಯಲ್ಲಿ, ಸರಾಸರಿ ಆರು ವರ್ಷ ಕಳೆದರೂ ಅರ್ಧದ ಸಮೀಪ ಮಂದಿ ಜೋಮಿನಿಂದ ಬಿಡುಗಡೆ ಹೊಂದಿರಲಿಲ್ಲ. ಅಂಥವರು ಬೀಳುವ ಸಂಭವ ಉಳಿದವರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಮದ್ದಿನಿಂದ ದೊರೆತ ನೆರವೋ ಅಲ್ಪ. ಡ್ಯುಲಾಕ್ಸೆಟಿನ್ ನೋವನ್ನು ಕೊಂಚ ತಗ್ಗಿಸುವುದೆಂದು 2013ರಲ್ಲಿ ತೋರಿತಾದರೂ, ಕಳೆದುಹೋದ ಅರಿವನ್ನು ಮರಳಿ ತರುವ ಗುಳಿಗೆ ಇಂದಿಗೂ ಇಲ್ಲ.

ನೃತ್ಯವು ಚಿಕಿತ್ಸಾಲಯವನ್ನು ಹೊಕ್ಕಿದ್ದು ಬೇರೊಂದು ಬಾಗಿಲಿನಿಂದ. 1942ರಲ್ಲಿ ಮರಿಯನ್ ಚೇಸ್ ಎಂಬ ನರ್ತಕಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಚಿಕಿತ್ಸಾಲಯದಲ್ಲಿ, ಮಾತು ನಿಂತುಹೋದ ರೋಗಿಗಳೊಡನೆ ಲಯದ ಮೂಲಕ ಸಂವಾದಿಸತೊಡಗಿದರು; 1966ರಲ್ಲಿ ಅಮೆರಿಕದ ನೃತ್ಯಚಿಕಿತ್ಸಕರ ಸಂಘ ಹುಟ್ಟಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಆ ಪರಂಪರೆಯ ಲಕ್ಷ್ಯವೆಲ್ಲ ಮನಸ್ಸಿನ ಕಡೆಗೆ. ನಡಿಗೆ ಮತ್ತು ಸಮತೋಲದ ದೋಷಗಳಿಗೆ ಹೆಜ್ಜೆಯೇ ಮದ್ದಾಗಬಹುದೆಂಬ ವಿಚಾರವು ಬಲಗೊಂಡಿದ್ದು ಪಾರ್ಕಿನ್ಸನ್ ರೋಗಿಗಳಿಂದ. ಬ್ರೂಕ್ಲಿನ್ನಿನಲ್ಲಿ ಮಾರ್ಕ್ ಮಾರಿಸ್ ನೃತ್ಯತಂಡವು 2001ರಲ್ಲಿ ಅವರಿಗಾಗಿ ತರಗತಿ ತೆರೆಯಿತು. ಸೇಂಟ್ ಲೂಯಿಸ್ ನಗರದಲ್ಲಿ ಮೆಡೆಲೀನ್ ಹ್ಯಾಕ್ನಿ ಮತ್ತು ಗ್ಯಾಮನ್ ಎರ್ಹಾರ್ಟ್, ಅರ್ಜೆಂಟೀನದ ಟ್ಯಾಂಗೋವನ್ನು ಸಾಮಾನ್ಯ ವ್ಯಾಯಾಮದೊಡನೆ ತೂಗಿ, 20 ಪಾಠಗಳ ಬಳಿಕ ಟ್ಯಾಂಗೋ ಕಲಿತವರ ಸಮತೋಲ ಉತ್ತಮಗೊಂಡುದನ್ನು 2007ರಲ್ಲಿ ಪ್ರಕಟಿಸಿದರು.

ಟ್ಯಾಂಗೋವನ್ನೇ ಆರಿಸಿಕೊಂಡುದು ಯದೃಚ್ಛೆಯಲ್ಲ. ಅದರ ಜೀವಾಳವು ನಡಿಗೆ. ಮುಂದಡಿ, ಹಿಂದಡಿ, ಪಕ್ಕದಡಿ, ನಡುವೆ ಥಟ್ಟನೆ ನಿಂತು ದೇಹದ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹೊತ್ತು ಮುಂದಿನ ಸೂಚನೆಗೆ ಕಾಯುವುದು. ಜೊತೆಗಾರರ ಕೈ ಅಲ್ಲಿ ಊರುಗೋಲಲ್ಲ. ಜೆಕಾ ಮತ್ತು ಲ್ಯಾಕ್ನರ್ 1994ರಲ್ಲಿ ತೋರಿಸಿದಂತೆ, ಭಾರ ಹಾಕದೆ ಬೆರಳ ತುದಿಯಿಂದ ಸ್ಥಿರವಸ್ತುವೊಂದನ್ನು ಮೆಲ್ಲನೆ ಮುಟ್ಟಿದರೂ ನಿಂತ ದೇಹದ ತೂಗಾಟ ಇಳಿಯುತ್ತದೆ. ಅಂಗಾಲು ಹೇಳಲಾರದ ಸುದ್ದಿಯನ್ನು ಅಂಗೈ ಹೇಳುವುದೆಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ನೃತ್ಯವನ್ನೂ ಪುನಶ್ಚೇತನ ವಿಜ್ಞಾನವನ್ನೂ ಬಲ್ಲ ಲೀಸ್ ವರ್ದೆನ್-ಚೌಧರಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಗಡಿಗರೊಂದಿಗೆ ಇದೇ ಟ್ಯಾಂಗೋವನ್ನು ಕೀಮೋಥೆರಪಿ ಮುಗಿಸಿದವರಿಗೆ ಅಳವಡಿಸಿದರು. ಕಲಿಯುವವರನ್ನು ಭಾರಮಾಪಕ ಹಲಗೆಯ ಮೇಲೆ ಕಣ್ಣು ಮುಚ್ಚಿ ನಿಲ್ಲಿಸಿ, ಎಡಬಲದ ತೂಗಾಟವನ್ನು ಅಳೆದರು. ರೋಂಬೆರ್ಗನ ಪರೀಕ್ಷೆಯೇ ಇಲ್ಲಿ ಯಂತ್ರದ ನಿಖರತೆಯನ್ನು ಪಡೆಯಿತೆನ್ನಬೇಕು. ತೂಗಾಟ ತಗ್ಗಿತು. ಭಾಗವಹಿಸಿದವರು ಬೆರಳೆಣಿಕೆಯಷ್ಟೇ ಮಂದಿಯಾದುದರಿಂದ ಇದನ್ನು ಸಿದ್ಧಾಂತವೆನ್ನಲಾಗದು, ಆಶಾದಾಯಕ ಆರಂಭವೆನ್ನಬಹುದು.

ಅದಕ್ಕೆ ಆಸರೆಯಾಗುವ ಪ್ರಮಾಣವು ನೆರೆಯ ಕ್ಷೇತ್ರವಾದ ವ್ಯಾಯಾಮದಿಂದ ಬಂದಿದೆ. ಜರ್ಮನಿಯ ಫಿಯೋನಾ ಸ್ಟ್ರೆಕ್‌ಮನ್ ಮತ್ತು ಸಂಗಡಿಗರು ಒಂಟಿಕಾಲಿನ ನಿಲುವು, ಅಲುಗುವ ಹಲಗೆ ಮುಂತಾದ ಸಮತೋಲದ ಅಭ್ಯಾಸಗಳನ್ನು ಕೀಮೋಥೆರಪಿ ನಡೆಯುತ್ತಿರುವಾಗಲೇ ಮಾಡಿಸಿ, 2024ರಲ್ಲಿ 158 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಅಭ್ಯಾಸವಿಲ್ಲದವರಲ್ಲಿ ಶೇ. 70ರಷ್ಟು ಮಂದಿಗೆ ನರಬಾಧೆ ತಗಲಿದರೆ, ಅಭ್ಯಾಸ ಮಾಡಿದವರಲ್ಲಿ ಅದು ಶೇ. 30ಕ್ಕೆ ಇಳಿದಿತ್ತು. ಆದರೆ ಹಲಗೆಯ ಮೇಲೆ ಒಂಟಿಯಾಗಿ ನಿಲ್ಲುವ ಬೇಸರವನ್ನು ತಿಂಗಳುಗಟ್ಟಲೆ ಸಹಿಸುವವರು ವಿರಳ. ಹಾಡು, ಜೊತೆ, ಕಲಿತೆನೆಂಬ ಹಿಗ್ಗು ಇವುಗಳಿಗಾಗಿ ವಾರವಾರವೂ ಮರಳಿ ಬರುವವರು ಹೆಚ್ಚು. ನೃತ್ಯವು ಸತ್ತ ನರವನ್ನು ಬದುಕಿಸುವುದೆಂದು ನಾನು ಹೇಳಲಾರೆ. ಉಳಿದಷ್ಟೇ ಅರಿವಿನಿಂದ ನಿಲ್ಲುವ ವಿದ್ಯೆಯನ್ನು ಅದು ಕಲಿಸಬಲ್ಲುದೆಂಬುದರಲ್ಲಿ ನನಗೆ ನಂಬಿಕೆಯುಂಟು.

ನಮ್ಮಲ್ಲಿ ಈ ಮಾತು ತೀರ ಅಪರಿಚಿತವಲ್ಲ. ಹೈದರಾಬಾದಿನ ನರ್ತಕಿ ಆನಂದ ಶಂಕರ ಜಯಂತ್, ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಲೇ ನೃತ್ಯವನ್ನು ಬಿಡದೆ ಮುಂದುವರಿಸಿದ ಕಥೆಯನ್ನು 2009ರಲ್ಲಿ ಮೈಸೂರಿನ ಸಭೆಯೊಂದರಲ್ಲಿಯೇ ಹೇಳಿದರು. ಆದರೆ ಅವರದು ನುರಿತ ದೇಹ. ಎಂದೂ ಕುಣಿಯದವರಿಗೆ ಬೇಕಾದುದು ಬೇರೆ. ಎದುರಿನವರ ಕೋಲಿಗೆ ಕೋಲು ತಾಗಿಸುತ್ತ, ಲಯ ತಪ್ಪದೆ ಪಕ್ಕಕ್ಕೆ ಸರಿಯುವ ನಮ್ಮ ಕೋಲಾಟದಲ್ಲಿ ಟ್ಯಾಂಗೋದ ಗುಣಗಳು ಬಹುಮಟ್ಟಿಗೆ ಇರುವಂತೆ ನನಗೆ ತೋರುತ್ತದೆ. ಭಾರಮಾಪಕ ಹಲಗೆಯ ಪರೀಕ್ಷೆಗೆ ಅದು ಒಳಗಾಗಲೆಂದು ಹಾರೈಸುತ್ತೇನೆ. ಭರತನಾಟ್ಯದ ತಟ್ಟಡವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬರಿಗಾಲನ್ನು ನೆಲಕ್ಕೆ ಬಲವಾಗಿ ಅಪ್ಪಳಿಸಿದಾಗ ನೋವು ಅರಿಯದ ಪಾದದಲ್ಲಿ ಬೊಬ್ಬೆಯೆದ್ದು ಒಡೆದರೂ ಕುಣಿದವರಿಗೆ ತಿಳಿಯದು. ಆದುದರಿಂದ ಇಂತಹ ತರಗತಿ ನಡೆಸುವವರು ಮೆತ್ತನೆಯ ಪಾದರಕ್ಷೆ ತೊಡಿಸಿ, ಗೋಡೆಯ ಬಳಿ ಕುರ್ಚಿಗಳನ್ನಿರಿಸಿ, ಪಾಠ ಮುಗಿದ ಮೇಲೆ ಪ್ರತಿಯೊಬ್ಬರ ಅಂಗಾಲುಗಳನ್ನೂ ಬೆಳಕಿಗೆ ತಿರುಗಿಸಿ ನೋಡತಕ್ಕದ್ದು.